ಕೀಲೆಣ್ಣೆಯ ಧರ್ಮ

ಎತ್ತಿನ ಗಾಡಿಯ ಕಾಲದಲ್ಲಿ ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಪಯಣಕ್ಕೆ ಹೊರಡುವವರಿರಲಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಅಚ್ಚಿಗೆ ಬಳಿಯುತ್ತಿದ್ದುದನ್ನು ಹಿರಿಯರು ಹೇಳುವುದುಂಟು. ಇಂದು ಗಾಡಿ ಬದಲಾಗಿದೆ. ಕೀಲೆಣ್ಣೆಯ ಸ್ಥಾನಕ್ಕೆ ಡಬ್ಬಿಯ ಗ್ರೀಸು ಬಂದಿದೆ. ಆದರೆ ಯಾವ ಕೀಲಿಗೆ ಯಾವ ಜಿಡ್ಡು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಈ ಅಲ್ಪ ಪ್ರಶ್ನೆಯೊಳಗೆ ಒಂದು ಧರ್ಮಪ್ರಶ್ನೆಯೂ ಅಡಗಿದೆಯೆಂಬುದು ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಅನುಭವಕ್ಕೆ ಬಂದಿತು.

ತೃಶ್ಶಿಲೇರಿಯ ನಮ್ಮ ಮನೆಯಲ್ಲಿ ತಂದೆಯವರ ಕಾಲದ ಒಂದು ಯೆಜ್ಡಿ ಮೋಟಾರು ಸೈಕಲ್ಲಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಿಂದ ಗಾಡಿಗಳನ್ನು ತಯಾರಿಸುತ್ತಿದ್ದು 1996ರಲ್ಲಿ ಮುಚ್ಚಿಹೋಯಿತು. ಅಂಥ ಗಾಡಿಯನ್ನು ನಾವು ಕಾಟ್ಟಿಕ್ಕುಳಂ, ತೋಲ್ಪೆಟ್ಟಿಗಳನ್ನು ದಾಟಿ ಕೊಡಗಿನ ಕುಟ್ಟಕ್ಕೆ ಹೋಗುವ ಕಾಡುದಾರಿಯಲ್ಲಿ ವರ್ಷಗಟ್ಟಲೆ ಓಡಿಸಿದೆವು. ಅದರ ಆರೈಕೆಯನ್ನು ಮಾತ್ರ ಮರೆತೆವು. ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರು ಅದನ್ನು ಕೊಳ್ಳಬಯಸಿದಾಗ, ಕೊಡುವ ಮುನ್ನ ಒಮ್ಮೆ ಪರೀಕ್ಷಿಸೋಣವೆಂದು ಮುಂಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಮೆಲ್ಲನೆ ತಿರುಗಿಸಿದೆವು. ಅದು ನಟ್ಟನಡುವೆ ಬಂದಾಗ, ಹೊಂಡಕ್ಕೆ ಬಿದ್ದಂತೆ, ಟಕ್ಕೆಂದು ನಿಂತಿತು.

ಕಾರಣವು ಸರಳ. ಮುಂಚಕ್ರವನ್ನು ಹಿಡಿದ ಫೋರ್ಕು ಗಾಡಿಯ ಕೊರಳಿನಲ್ಲಿ ತಿರುಗುತ್ತದೆ. ಆ ಕೊರಳಿನ ಮೇಲೂ ಕೆಳಗೂ ಉಕ್ಕಿನ ಬಟ್ಟಲುಗಳು. ಬಟ್ಟಲುಗಳಲ್ಲಿ ಉಕ್ಕಿನ ಗುಂಡುಗಳು. ಮೆಕ್ಯಾನಿಕ್ಕರು ಇದನ್ನು ಕೋನ್‌ಸೆಟ್ಟೆಂದು ಕರೆಯುತ್ತಾರೆ. ಚಕ್ರದ ಬೇರಿಂಗು ಸುತ್ತುತ್ತಲೇ ಇರುತ್ತದೆ. ಇದಾದರೋ ಪೂರ್ಣ ಸುತ್ತು ಸುತ್ತುವುದೇ ಇಲ್ಲ. ನೇರ ದಾರಿಯಲ್ಲಿ ಗುಂಡುಗಳು ಒಂದೆಡೆಯೇ ನಿಂತು, ರಸ್ತೆಯ ಪ್ರತಿಯೊಂದು ಪೆಟ್ಟನ್ನೂ ಅದೇ ಸ್ಥಳಕ್ಕೆ ದಾಟಿಸುತ್ತವೆ. ನಡುವಣ ಜಿಡ್ಡಿನ ಪೊರೆ ಹಿಂಡಿಹೋಗಿ, ಮೇಲಾಗಿ ಮಳೆಯ ನೀರೂ ಸೇರಿದರೆ, ಬಟ್ಟಲಿನಲ್ಲಿ ಸಾಲಾಗಿ ಕುಳಿಗಳು ಬೀಳುತ್ತವೆ. ಆಮೇಲೆ ಹ್ಯಾಂಡಲು ಸವಾರನ ಮಾತಿಗಿಂತ ಕುಳಿಯ ಮಾತನ್ನೇ ಹೆಚ್ಚು ಕೇಳುತ್ತದೆ. ಗಾಡಿ ಅತ್ತಿತ್ತ ತೊನೆಯುತ್ತದೆ.

ಹಾಗಾದರೆ ಇಲ್ಲಿಗೆ ಯಾವ ಗ್ರೀಸು ಯೋಗ್ಯ? ಗ್ರೀಸೆಂಬುದು ಎಣ್ಣೆಯನ್ನು ಹಿಡಿದಿಟ್ಟುಕೊಂಡ ಒಂದು ಬಗೆಯ ಸಾಬೂನು. ಸೋಡಿಯಂ ಸಾಬೂನಿನ ಹಳೆಯ ಗ್ರೀಸು ನೀರಿನಲ್ಲಿ ಕರಗುತ್ತದೆ. ಮಳೆನಾಡಿಗೆ ಅದು ಸಲ್ಲದು. ಸುಣ್ಣದ ಸಾಬೂನಿನದು ನೀರಿಗೆ ಜಗ್ಗದು, ಆದರೆ ಸಾಧಾರಣ ಬಗೆಯದು ಹೆಚ್ಚು ಬಿಸಿಯನ್ನು ತಾಳದು. 1940ರ ದಶಕದಲ್ಲಿ ಬಳಕೆಗೆ ಬಂದ ಲಿಥಿಯಂ ಗ್ರೀಸು ಎರಡನ್ನೂ ಬಹುಮಟ್ಟಿಗೆ ಸಹಿಸುತ್ತದೆ. ಅಂಗಡಿಯಲ್ಲಿ ಅತ್ಯಧಿಕ ಶಾಖವನ್ನು ತಾಳುವುದೆಂದು ಹೊಗಳಿಸಿಕೊಳ್ಳುವ ದುಬಾರಿ ಡಬ್ಬಿಗಳೂ ಇವೆ. ಆದರೆ ಗಾಡಿಯ ಕೊರಳಿಗೆ ಬೆಂಕಿಯ ಭಯವಿಲ್ಲ. ಅದರ ಶತ್ರುಗಳು ನೀರು ಮತ್ತು ಪೆಟ್ಟು. ಆದ್ದರಿಂದ ನೀರಿಗೆ ತೊಳೆದುಹೋಗದ, 2ನೆಯ ದರ್ಜೆಯ ಸಾಮಾನ್ಯ ಲಿಥಿಯಂ ಗ್ರೀಸೇ ಸಾಕು. ಹಳೆಯದನ್ನು ಪೂರ್ಣವಾಗಿ ತೆಗೆದು ಹೊಸದನ್ನು ಹಾಕಬೇಕು. ಹೊಂದಿಕೆಯಿಲ್ಲದ ಎರಡು ಬಗೆಯ ಗ್ರೀಸುಗಳು ಬೆರೆತರೆ ನೀರಾಗಿ ಹರಿದುಹೋಗುವುದುಂಟು. ಪದಾರ್ಥದ ಹಿರಿಮೆಯನ್ನು ಅದರ ಬೆಲೆಯಿಂದಲ್ಲ, ಅದು ನಿಲ್ಲಬೇಕಾದ ಸ್ಥಳದ ಅಗತ್ಯದಿಂದ ಅಳೆಯಬೇಕೆಂಬ ಮೊದಲನೆಯ ಪಾಠ ನಮಗೆ ಇಲ್ಲಿ ದೊರೆಯಿತು.

ಎರಡನೆಯ ಪಾಠ ಅಷ್ಟು ಸುಲಭವಾಗಿರಲಿಲ್ಲ. ಪರಿಚಿತರೊಬ್ಬರು ಗಾಡಿಯನ್ನು ನೋಡಿ ಹೇಳಿದರು: “ಮೇಷ್ಟ್ರೇ, ಇದನ್ನು ಬಿಚ್ಚುವ ತಾಪತ್ರಯ ಏಕೆ? ಇನ್ನೂ ಗಟ್ಟಿಯಾದ ಗ್ರೀಸು ತುಂಬಿ, ನಟ್ಟನ್ನು ಸ್ವಲ್ಪ ಬಿಗಿ ಮಾಡಿ. ಕೆಲವು ತಿಂಗಳು ಯಾರಿಗೂ ಗೊತ್ತಾಗುವುದಿಲ್ಲ.” ಮಾತು ಸುಳ್ಳಾಗಿರಲಿಲ್ಲ. ಗಟ್ಟಿ ಜಿಡ್ಡು ಕುಳಿಯನ್ನು ತುಂಬಿ, ಕೈಗೆ ನುಣುಪಿನ ಭ್ರಾಂತಿಯನ್ನು ಕೊಡಬಲ್ಲುದು. ಗಾಡಿಗೆ ಗ್ರೀಸು ಹಾಕಿದ್ದೇವೆಂದರೆ ಅದೂ ಸತ್ಯವೇ. ಇಷ್ಟರಲ್ಲಿ ಅಧರ್ಮವೆಲ್ಲಿದೆ ಎಂದು ನಮ್ಮ ಮನಸ್ಸೇ ಒಂದು ರಾತ್ರಿ ನಮ್ಮೊಡನೆ ವಾದಿಸಿತು. ಮನಸ್ಸಿನ ವಕೀಲಿಕೆ ಯಾವಾಗಲೂ ನಮ್ಮ ಹಣದ ಚೀಲದ ಪರವಾಗಿಯೇ ಇರುವುದು ವಿಚಿತ್ರ.

ಸಂಸ್ಕೃತದಿಂದ ನಮ್ಮ ನುಡಿಗೆ ಬಂದ ಸ್ನೇಹವೆಂಬ ಶಬ್ದಕ್ಕೆ ಗೆಳೆತನವೆಂದೂ ಎಣ್ಣೆ ಜಿಡ್ಡೆಂದೂ ಎರಡು ಅರ್ಥಗಳುಂಟು. ಎರಡೂ ಘರ್ಷಣೆಯನ್ನು ತಗ್ಗಿಸುತ್ತವೆ. ಆದರೆ ಘರ್ಷಣೆಯನ್ನು ತಗ್ಗಿಸುವುದು ಬೇರೆ, ಗಾಯವನ್ನು ಮುಚ್ಚುವುದು ಬೇರೆ. ಒಂದೇ ಡಬ್ಬಿಯ ಗ್ರೀಸು ಒಂದು ಕೈಯಲ್ಲಿ ರಕ್ಷೆ, ಮತ್ತೊಂದು ಕೈಯಲ್ಲಿ ವಂಚನೆ. ಭೇದವಿರುವುದು ಹಚ್ಚುವವನ ಉದ್ದೇಶದಲ್ಲಿ. ಅದಕ್ಕಿಂತಲೂ, ಹಚ್ಚುವ ಮೊದಲು ತೊಳೆದು ನೋಡಿದನೇ ಇಲ್ಲವೇ ಎಂಬುದರಲ್ಲಿ.

ಮರುದಿನ ಕೋನ್‌ಸೆಟ್ಟನ್ನು ಬಿಚ್ಚಿದೆವು. ಗುಂಡುಗಳನ್ನು ಎಣಿಸಿ ಬಟ್ಟಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಾಗ ಕುಳಿಗಳ ಸಾಲು ಹೊಳೆಯಿತು. ಕುಳಿ ಬಿದ್ದ ಉಕ್ಕಿಗೆ ಯಾವ ಗ್ರೀಸೂ ಮದ್ದಲ್ಲ. ಹೊಸ ಸೆಟ್ಟನ್ನು ತಂದು, ಬಟ್ಟಲು ತುಂಬ ಗ್ರೀಸು ಹಚ್ಚಿ ಕೂರಿಸಿದೆವು. ನಿಧಾನವಾಗಿ ತಿರುಗುವ ಈ ಕೀಲಿಗೆ ಹೆಚ್ಚು ಜಿಡ್ಡಿನಿಂದ ಹಾನಿಯಿಲ್ಲ. ಹಳೆಯ ಬಟ್ಟಲನ್ನು ಕಾಗದದಲ್ಲಿ ಸುತ್ತಿ ಗಾಡಿಯೊಡನೆ ಸಹೋದ್ಯೋಗಿಗೆ ಕೊಟ್ಟು, ನಮ್ಮ ಅಲಕ್ಷ್ಯದ ಫಲವಿದೆಂದು ಹೇಳಿದೆವು. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಬೆಲೆಯಲ್ಲಿ ಇನ್ನೂರು ರೂಪಾಯಿ ಇಳಿಸಬಹುದೇ ಎಂದು ಕೇಳಿದರು. ಇಳಿಸಿದೆವು. ಸತ್ಯಕ್ಕೆ ಯಾವಾಗಲೂ ಬಹುಮಾನ ದೊರೆಯುತ್ತದೆಂದು ಮಕ್ಕಳಿಗೆ ಹೇಳುವ ಪದ್ಧತಿಯನ್ನು ಅಂದಿನಿಂದ ಬಿಟ್ಟಿದ್ದೇವೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅದೇ ವಾರ ತರಗತಿಯ ಪ್ರಗತಿ ಪತ್ರಗಳನ್ನು ತುಂಬುತ್ತಿದ್ದಾಗ ಒಬ್ಬ ಬಾಲಕನ ಹೆಸರಿನ ಬಳಿ ಲೇಖನಿ ನಿಂತಿತು. ಒತ್ತಕ್ಷರ ಬಂದೆಡೆಯಲ್ಲೆಲ್ಲ ಅವನ ಓದು ಟಕ್ಕೆಂದು ನಿಲ್ಲುತ್ತದೆ. ಹಿಂದಿನ ಎರಡು ಪರೀಕ್ಷೆಗಳಲ್ಲಿ ನಾವು ಅವನಿಗೆ “ಓದು ಸಮಾಧಾನಕರ” ಎಂದು ಬರೆದಿದ್ದೆವು. ಮಗು ನೋಯಬಾರದೆಂಬ ಮರುಕ ಅದರಲ್ಲಿ ಇದ್ದುದು ನಿಜ; ಅವನ ಪಕ್ಕದಲ್ಲಿ ಕುಳಿತು ತಿದ್ದುವ ಶ್ರಮ ತಪ್ಪಲೆಂಬ ಆಸೆಯೂ ಇದ್ದುದು ಅಷ್ಟೇ ನಿಜ. ಗಾಡಿಯ ಕೊರಳಿಗೆ ತುಂಬಲೊಲ್ಲದ ಗಟ್ಟಿ ಗ್ರೀಸನ್ನು ನಾವು ಒಂದು ಮಗುವಿನ ಓದಿಗೆ ತುಂಬಿದ್ದೆವು.

ಮೃದುವಾದ ಮಾತು ಬೇಡವೆಂದು ಇದರ ಅರ್ಥವಲ್ಲ. ಜಿಡ್ಡಿಲ್ಲದ ಉಕ್ಕು ತುಕ್ಕು ಹಿಡಿಯುತ್ತದೆ; ಸ್ನೇಹವಿಲ್ಲದ ಸತ್ಯವೂ ಮಗುವಿನ ಮನಸ್ಸನ್ನು ಹಾಗೆಯೇ ಕೆಡಿಸುತ್ತದೆ. ಕ್ರಮವೊಂದನ್ನು ಮಾತ್ರ ತಪ್ಪಿಸಲಾಗದು: ಮೊದಲು ತೊಳೆಯಬೇಕು, ಬಳಿಕ ಕಣ್ಣಾರೆ ನೋಡಬೇಕು, ಸವೆದುದನ್ನು ಬದಲಿಸಬೇಕು, ಕೊನೆಗೆ ಜಿಡ್ಡು ಹಚ್ಚಬೇಕು. ಈಗ ಪ್ರತಿದಿನ ಸಂಜೆ ಅರ್ಧ ಗಂಟೆ ಆ ಬಾಲಕ ನಮ್ಮ ಬಳಿ ಕುಳಿತು ಓದುತ್ತಾನೆ. ಓದು ಇನ್ನೂ ನಡುನಡುವೆ ನಿಲ್ಲುತ್ತದೆ. ನಿಂತಾಗ ಅವನೂ ನಾವೂ ಅದನ್ನು ಕೇಳಿಸಿಕೊಳ್ಳುತ್ತೇವೆ.