ಸಂಬಳ ಪಡೆದ ಆಟ ಸೇವೆಯಾಗದೇ?

ವಿಟ್ಲದ ಕಡೆಯ ಹುಡುಗಿಯೊಬ್ಬಳು ಆಟವನ್ನೇ ಉದ್ಯೋಗ ಮಾಡಿಕೊಳ್ಳುತ್ತೇನೆಂದರೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಹೊಟ್ಟೆಪಾಡಿಗೇನು ಎನ್ನುವುದು ಮನೆಯವರದು. ದುಡ್ಡಿಗಾಗಿ ಆಡಿದರೆ ಆಟದ ಶುದ್ಧಿ ಉಳಿದೀತೇ ಎನ್ನುವುದು ಬಲ್ಲವರದು. ಇದಕ್ಕೆ ಅವರು ಗೀತೆಯ ಆಧಾರವನ್ನೂ ಕೊಡುತ್ತಾರೆ.

ಮೊದಲನೆಯದಕ್ಕೆ ಬಹುಕಾಲದಿಂದ ರೈಲ್ವೆಯೇ ಉತ್ತರ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ರೈತಮನೆಯ ಮಮತಾ ಪೂಜಾರಿ ಕಬಡ್ಡಿಯಿಂದ ದಕ್ಷಿಣ ಮಧ್ಯ ರೈಲ್ವೆಗೆ ಸೇರಿದರು. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನ ಚಿನ್ನ ಗೆದ್ದ ತಂಡದಲ್ಲಿದ್ದರು, 2012ರಲ್ಲಿ ಪಟ್ನಾದ ವಿಶ್ವಕಪ್ ಗೆದ್ದಾಗ ನಾಯಕಿಯಾಗಿದ್ದರು. ಬಾಸ್ಕೆಟ್‌ಬಾಲ್‌ನಲ್ಲಿ ನೆರೆಯ ಕೇರಳದ ಗೀತು ಅನ್ನಾ ಜೋಸ್ ಕೂಡ ರೈಲ್ವೆಯ ನೌಕರಿಯಲ್ಲಿದ್ದವರೇ. ಎಳೆಯ ವಯಸ್ಸಿನಲ್ಲೇ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಆಡಿದ ಅವರನ್ನು 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ಮೂರು ತಂಡಗಳು ಪರೀಕ್ಷೆಗೆ ಕರೆದಿದ್ದವು.

ಸಂಬಳ ಬಂತೆಂದು ಇವರ ಆಟಕ್ಕೆ ಮೈಲಿಗೆಯಾಯಿತೇ?

ಗೀತೆಯ ಎರಡನೆಯ ಅಧ್ಯಾಯ ಫಲದ ಆಸೆ ಬಿಡಬೇಕೆನ್ನುತ್ತದೆ, ನಿಜ. ಆದರೆ ಕರ್ಮವಿಲ್ಲದೆ ದೇಹದ ನಿರ್ವಹಣೆಯೂ ಸಾಗದೆಂಬ ಮಾತು ಮೂರನೆಯ ಅಧ್ಯಾಯದಲ್ಲಿದೆ. ಬಿಡಬೇಕಾದದ್ದು ಗೆಲುವಿನ ಮೇಲಿನ ಮೋಹವನ್ನು, ದುಡಿದವಳ ಕೂಲಿಯನ್ನಲ್ಲ. ಇದನ್ನು ತುಳುನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಟೀಲು ದೇವಿಯ ಯಕ್ಷಗಾನ ಮೇಳದ ಹರಕೆ ಆಟಕ್ಕಾಗಿ ಜನ ವರ್ಷಗಟ್ಟಲೆ ಕಾಯುತ್ತಾರೆ. ಚೌಕಿಯಲ್ಲಿ ಪೂಜೆಯಾಗುತ್ತದೆ, ವೇಷಧಾರಿ ಬಣ್ಣ ಹಚ್ಚಿ ರಂಗಸ್ಥಳಕ್ಕೆ ಬರುತ್ತಾನೆ. ಅವನಿಗೆ ಮೇಳದ ಸಂಬಳವಿದೆ. ಅವನ ಕುಣಿತ ಮಾತ್ರ ದೇವಿಗೆ ಸೇವೆಯಾಗಿಯೇ ಸಲ್ಲುತ್ತದೆ. ಸಂಬಳ ತೆಗೆದುಕೊಂಡನೆಂದು ಹರಕೆ ಹೊತ್ತವರಾರೂ ಪ್ರಸಾದವನ್ನು ಮರಳಿಸುವುದಿಲ್ಲ. ವೇಷಧಾರಿಗೆ ಸಲ್ಲುವ ನ್ಯಾಯ ಅಂಕಣದ ಹುಡುಗಿಗೆ ಯಾಕೆ ಸಲ್ಲಬಾರದು?

ಬಾಸ್ಕೆಟ್‌ಬಾಲ್ ಕೂಡ ಧರ್ಮಶ್ರದ್ಧೆಯ ಮನೆಯಲ್ಲೇ ಹುಟ್ಟಿದ್ದು. 1891ರಲ್ಲಿ ಅದನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ದೇವಶಾಸ್ತ್ರ ಓದಿದವರು, ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯ ಶಿಕ್ಷಕರು. ಆದರೆ ಅದೇ ಆಟದಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ಶುರುವಾಗಿದ್ದು 1997ರಲ್ಲಿ, ನೂರು ವರ್ಷ ಕಳೆದ ಮೇಲೆ.

ನಿಷ್ಕಾಮದ ಪಾಠ ಕೇಳಿಸಿಕೊಳ್ಳುವವರು ಹೆಚ್ಚಾಗಿ ಫಲವನ್ನೇ ಕಾಣದವರು ಎನ್ನುವುದು ನೋವಿನ ಸಂಗತಿ. ಪುರುಷರ ಪ್ರೊ ಕಬಡ್ಡಿ 2014ರಲ್ಲಿ ಆರಂಭವಾಗಿ ಬೆಳೆಯುತ್ತಲೇ ಇದೆ. ಮಹಿಳೆಯರಿಗೆಂದು 2016ರಲ್ಲಿ ಮೂರು ತಂಡಗಳ ಚಾಲೆಂಜ್ ನಡೆಯಿತು. ಮಮತಾ ನಾಯಕತ್ವದ ಫೈರ್ ಬರ್ಡ್ಸ್ ಫೈನಲ್‌ನಲ್ಲಿ ಒಂದೇ ಅಂಕದಿಂದ ಸೋತಿತು. ಮರುವರ್ಷ ಆ ಪಂದ್ಯಾವಳಿ ನಡೆಯಲೇ ಇಲ್ಲ.