ವಾಸವೂ ಅಭಯವೂ

ಹುಟ್ಟಿದ ನೆಲದಲ್ಲಿ ಬಾಳುವವನನ್ನು ‘ನೀನಿಲ್ಲಿ ಏಕಿದ್ದೀಯೆ’ ಎಂದು ಯಾರೂ ಕೇಳುವುದಿಲ್ಲ. ಹೊರಗಿನಿಂದ ಬಂದವನು ಮಾತ್ರ ಆ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಮನುಷ್ಯರು ಹಿಂದಿನಿಂದಲೂ ಕೊಟ್ಟುಕೊಂಡು ಬಂದಿರುವ ಉತ್ತರಗಳು ಬಹಳವಿಲ್ಲ: ಹಸಿದು ಬಂದೆ, ಹೆದರಿ ಓಡಿಬಂದೆ, ದುಡಿಯಲು ಬಂದೆ, ವಿದ್ಯೆಗಾಗಿ ಬಂದೆ, ಈ ಊರಿನ ಮನೆಯೊಂದರೊಡನೆ ನೆಂಟಸ್ತನ ಬೆಳೆಸಿ ಬಂದೆ. ನಮ್ಮ ಕಾಲದ ರಾಜ್ಯಗಳು ‘ಹಣ ತಂದಿದ್ದೇನೆ’ ಎಂಬ ಇನ್ನೊಂದು ಉತ್ತರವನ್ನು ಅಂಗೀಕರಿಸಿರುವುದಲ್ಲದೆ, ಅದಕ್ಕೆ ಉಳಿದೆಲ್ಲಕ್ಕಿಂತ ಎತ್ತರದ ಪೀಠವನ್ನು ಹಾಕಿಕೊಟ್ಟಿವೆ. ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಎಂಬ ಪುಟ್ಟ ದ್ವೀಪರಾಜ್ಯವು 1984ರಲ್ಲಿ ಹೂಡಿಕೆಗೆ ಪ್ರತಿಯಾಗಿ ಪೌರತ್ವವನ್ನೇ ಕೊಡಲಾರಂಭಿಸಿತು. ಪೋರ್ಚುಗಲ್ 2012ರಲ್ಲಿ ಹಣವಂತರಿಗೆ ನಿವಾಸದ ಬಾಗಿಲು ತೆರೆಯಿತು. ಸಂಯುಕ್ತ ಅರಬ್ ಎಮಿರೇಟ್ಸ್ 2019ರಲ್ಲಿಯೂ ಥಾಯ್ಲೆಂಡ್ 2022ರಲ್ಲಿಯೂ ಇದೇ ದಾರಿ ಹಿಡಿದವು. ಈ ನೀತಿಯ ಸಾಧುತ್ವವನ್ನು ಅರ್ಥಶಾಸ್ತ್ರಜ್ಞರು ಒಳಬಂದ ಬಂಡವಾಳದಿಂದಲೂ ಏರಿದ ಮನೆಬಾಡಿಗೆಯಿಂದಲೂ ಅಳೆಯುತ್ತಾರೆ. ಅದು ಅವರ ಕೆಲಸ. ನನಗೆ ತೋರುವ ಮಟ್ಟಿಗೆ ಇದರ ತಳದಲ್ಲಿರುವುದು ಧರ್ಮದ ಪ್ರಶ್ನೆ: ವಾಸವೆಂಬುದು ಮಾರತಕ್ಕ ಪದಾರ್ಥವೆ?

ಎಮಿರೇಟ್ಸಿನ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳಗಳ ಎಷ್ಟೋ ಮನೆಗಳ ಒಲೆ ಅಲ್ಲಿಯ ಸಂಪಾದನೆಯಿಂದ ಉರಿಯುತ್ತಿರುವುದರಿಂದ ನಮಗೆ ಅದು ದೂರದ ದೇಶವಲ್ಲ. ಅಲ್ಲಿಯ ನಿವಾಸಿಗಳಲ್ಲಿ ಹತ್ತಕ್ಕೆ ಹೆಚ್ಚುಕಡಮೆ ಒಂಬತ್ತು ಮಂದಿ ಹೊರದೇಶದವರು. ಅವರಲ್ಲಿ ಬಹುಪಾಲಿನವರ ವಾಸ ಉದ್ಯೋಗಕ್ಕೆ ಕಟ್ಟುಬಿದ್ದದ್ದು. ಕಂಪನಿ ವೀಸಾ ತೆಗೆದುಕೊಡುತ್ತದೆ. ರಕ್ತಪರೀಕ್ಷೆಯಾಗುತ್ತದೆ, ಎದೆಯ ಎಕ್ಸ್‌ರೇ ಆಗುತ್ತದೆ. ಗಡುವು ತೀರಿದಾಗ ನವೀಕರಣವಾಗುತ್ತದೆ. ಕೆಲಸ ಹೋದರೆ ವೀಸಾ ಕ್ಯಾನ್ಸಲ್ ಆಗಿ, ಹೊಸ ಕೆಲಸ ಹುಡುಕಿಕೊಳ್ಳಲು ಅಥವಾ ಗಂಟುಮೂಟೆ ಕಟ್ಟಲು ಒಂದಿಷ್ಟು ದಿನಗಳ ಅವಕಾಶ ದೊರೆಯುತ್ತದೆ. ಊರಿನಲ್ಲಿ ಆರು ತಿಂಗಳಿಗೆ ಮೀರಿ ನಿಂತರೆ ವೀಸಾ ಬಿದ್ದುಹೋಗುತ್ತದೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ತಿಂಗಳಿಗೆ 4,000 ದಿರ್ಹಂ ಸಂಬಳವಿರಬೇಕು, ಅಥವಾ 3,000 ದಿರ್ಹಮಿನ ಜೊತೆಗೆ ಕಂಪನಿ ಕೊಟ್ಟ ಮನೆಯಿರಬೇಕು. ಅದಕ್ಕಿಂತ ಕಡಮೆ ಪಡೆಯುವವನು ಕ್ಯಾಂಪಿನ ಕೋಣೆಯಲ್ಲಿ ಮಂಚದ ಮೇಲೊಂದು ಮಂಚವಿಟ್ಟ ಸಾಲಿನಲ್ಲಿ ತನ್ನ ಯೌವನವನ್ನು ಕಳೆಯುತ್ತಾನೆ. ಇದಕ್ಕೆ ಪ್ರತಿಯಾಗಿ, 20 ಲಕ್ಷ ದಿರ್ಹಂ ಬೆಲೆಯ ಆಸ್ತಿ ಹೊಂದಿದವನಿಗೆ ಹತ್ತು ವರ್ಷಗಳ ಗೋಲ್ಡನ್ ವೀಸಾ. ಅವನಿಗೆ ಕಂಪನಿಯ ಹಂಗಿಲ್ಲ, ಆರು ತಿಂಗಳ ಕಟ್ಟಳೆಯಿಲ್ಲ, ಗಂಡುಮಕ್ಕಳು ಎಷ್ಟೇ ದೊಡ್ಡವರಾದರೂ ಜೊತೆಯಲ್ಲಿ ಇಟ್ಟುಕೊಳ್ಳಬಹುದು.

ಈ ಸೌಲಭ್ಯ ಪಡೆದ ನಮ್ಮವರನ್ನು ಮಾತನಾಡಿಸಿದರೆ ಅವರ ಬಾಯಿಂದ ಬರುವುದು ಹೆಮ್ಮೆಗಿಂತ ಹೆಚ್ಚಾಗಿ ನೆಮ್ಮದಿಯ ಮಾತು. ಇನ್ನು ಕೆಲಸ ಬಿಟ್ಟರೂ ಊರು ಬಿಡಬೇಕಾಗಿಲ್ಲ, ಮಗಳ ಓದು ನಡುವೆ ನಿಲ್ಲುವುದಿಲ್ಲ, ತಾಯಿಗೆ ಕಾಯಿಲೆಯಾದಾಗ ದಿನ ಎಣಿಸದೆ ಊರಿಗೆ ಹೋಗಿ ಶುಶ್ರೂಷೆ ಮಾಡಿ ಬರಬಹುದು ಎನ್ನುತ್ತಾರೆ. ಇದನ್ನು ನಾನು ಲಘುವಾಗಿ ಕಾಣಲಾರೆ. ಅವರು ಬಯಸಿದ್ದು ವೈಭವವನ್ನಲ್ಲ, ಮನುಷ್ಯನಾದವನು ಬಯಸತಕ್ಕದ್ದನ್ನೇ. ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಪಡೆಯದವರ ಮಾತು. ದುಬೈಯ ಕರಾಮಾದಲ್ಲಿ, ವೀಸಾ ಕಾಗದಗಳನ್ನು ತುಂಬಿಕೊಡುವ ಟೈಪಿಂಗ್ ಸೆಂಟರೊಂದರಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ ಆಯುಷ್ಯದ ಬಹುಭಾಗ ಸವೆಸಿದ ಕುಂದಾಪುರದ ಕಡೆಯ ಹಿರಿಯರೊಬ್ಬರು ವೀಸಾ ಕ್ಯಾನ್ಸಲ್ ಮಾಡಿಸಲು ಕುಳಿತಿದ್ದರು. ಅವರ ಮಡಿಲಲ್ಲಿ ರಬ್ಬರ್ ಬ್ಯಾಂಡು ಹಾಕಿದ ಹಳೆಯ ಪಾಸ್‌ಪೋರ್ಟುಗಳ ಕಟ್ಟಿತ್ತು; ಬಿಚ್ಚಿ ತೋರಿಸಿದರು. ಪುಟಕ್ಕೊಂದರಂತೆ ಅಂಟಿಸಿದ್ದ ಗುಲಾಬಿ ಬಣ್ಣದ ವೀಸಾ ಚೀಟಿಗಳು, ಒಂದೊಂದರಲ್ಲೂ ಅವರದೇ ಮುಖ, ಒಂದಕ್ಕಿಂತ ಒಂದು ವಯಸ್ಸಾಗುತ್ತ ಬಂದದ್ದು. ಇಷ್ಟು ಕಾಲದ ಮೇಲೆ ಬಿಟ್ಟುಹೋಗಲು ಬೇಸರವಿಲ್ಲವೆ ಎಂದದ್ದಕ್ಕೆ, “ದುಡೂಕೆ ಬಂದದ್ದ್ ಮಾರಾಯ್ರೆ, ಇಪ್ಪುಕಲ್ಲ” ಎಂದರು. ಆ ಮಾತಿನಲ್ಲಿ ಕಹಿಯಿರಲಿಲ್ಲ. ನಿಯಮವನ್ನು ಅವರು ಪ್ರಕೃತಿಧರ್ಮವೆಂಬಂತೆ ಒಪ್ಪಿಕೊಂಡಿದ್ದರು. ಆದರೆ ದುಡಿಯುವುದನ್ನೂ ಇರುವುದನ್ನೂ ಹಾಗೆ ಬೇರ್ಪಡಿಸಲು ಬರುತ್ತದೆಯೆ? ಒಂದೂರಿನಲ್ಲಿ ಅಷ್ಟು ವರ್ಷ ಬೆಳಗಿನ ಜಾವಕ್ಕೆ ಎದ್ದು ಸಾವಿರಾರು ಜನಕ್ಕೆ ಅನ್ನ ಬೇಯಿಸಿದವನು ಅಲ್ಲಿ ಇರಲಿಲ್ಲವೆಂದು ಹೇಳುವುದಾದರೆ, ಇರುವುದೆಂದರೆ ಏನು?

ಗೋಲ್ಡನ್ ವೀಸಾದ ಮೂಲಕ ವಿಕ್ರಯವಾಗುತ್ತಿರುವ ವಸ್ತು ಯಾವುದೆಂಬುದನ್ನು ಸ್ವಲ್ಪ ವಿವೇಚಿಸಬೇಕು. ಹಣವಂತನು ಕೊಳ್ಳುವುದು ಮನೆಯನ್ನೆಂದು ಮೇಲುನೋಟಕ್ಕೆ ತೋರುತ್ತದೆ. ಮನೆ ಎಲ್ಲಿಯಾದರೂ ಸಿಕ್ಕೀತು. ಅವನು ಅದರೊಡನೆ ಪಡೆಯುವುದು, ನಾಳೆ ತನ್ನನ್ನು ಹೊರಡೆಂದು ಹೇಳುವವರಿಲ್ಲ ಎಂಬ ಭರವಸೆಯನ್ನು. ನಮ್ಮ ಹಿರಿಯರು ಅಭಯವೆಂದು ಕರೆದದ್ದು ಇದನ್ನೇ. ಕನ್ನಡ ನಾಡಿನ ಜೈನ ಶಾಸನಗಳನ್ನು ಓದಿದವರಿಗೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧದಾನದ ಹೊಗಳಿಕೆ ಪರಿಚಿತವಾಗಿರುವುದಷ್ಟೆ. ದಂಡನಾಯಕರನ್ನೂ ಶೆಟ್ಟರನ್ನೂ ರಾಣಿಯರನ್ನೂ ಅವು ಆ ದಾನದಲ್ಲಿ ವಿನೋದಿಸುವವರೆಂದು ಕೊಂಡಾಡುತ್ತವೆ. ಸಮಂತಭದ್ರಾಚಾರ್ಯರ ಶ್ರಾವಕಾಚಾರದಲ್ಲಿ ಈ ನಾಲ್ಕರ ಪಟ್ಟಿ ತುಸು ಬೇರೆಯಾಗಿದ್ದು, ಅಭಯವು ನಿಲ್ಲುವ ಎಡೆಯಲ್ಲಿ ಆವಾಸವು, ಎಂದರೆ ಇರಲು ನೆಲೆಯು, ನಿಂತಿದೆ. ಒಂದರ ಸ್ಥಾನದಲ್ಲಿ ಇನ್ನೊಂದು ಬಂದು ಕೂತರೂ ದಾನದ ಅರ್ಥ ಕೆಡದಿರುವುದನ್ನು ನೋಡಿದರೆ, ಭಯವಿಲ್ಲದೆ ಇರುವುದೂ ನೆಲೆಯಾಗಿ ಇರುವುದೂ ಒಂದೇ ಎಂದು ಆ ಧರ್ಮಜ್ಞರು ಬಲ್ಲವರಾಗಿದ್ದರೆಂದು ನಾನು ತಿಳಿಯುತ್ತೇನೆ. ಎರಡೂ ಪಟ್ಟಿಗಳಲ್ಲಿ ಅದು ದಾನ, ಕೊಡತಕ್ಕದ್ದು.

ಶತಪಥ ಬ್ರಾಹ್ಮಣ ಇನ್ನೂ ಮುಂದೆ ಹೋಗುತ್ತದೆ. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರನ್ನು ಎಲ್ಲರೂ ಬಲ್ಲರು. ಆ ಗ್ರಂಥವು ನಾಲ್ಕನೆಯದಾಗಿ ಮನುಷ್ಯಋಣವನ್ನೂ ಹೇಳಿ, ಮನುಷ್ಯರಿಗೆ ಇರಲು ಸ್ಥಳ ಕೊಟ್ಟು ಉಣ್ಣಲು ಅನ್ನ ಕೊಟ್ಟು ಅದನ್ನು ತೀರಿಸಬೇಕೆನ್ನುತ್ತದೆ. ಈ ದೃಷ್ಟಿಯಲ್ಲಿ ನೆಲೆಯುಳ್ಳವನೇ ಸಾಲಗಾರ. ಬಂದವನು ಬೇಡಿಕೊಳ್ಳುವ ಮುನ್ನವೇ ಇದ್ದವನು ಅವನಿಗೆ ಬಾಕಿ ಇದ್ದಾನೆ. ತೀರಿಸಬೇಕಾದ ಸಾಲವನ್ನು ಅಂಗಡಿಯಲ್ಲಿಟ್ಟು ಮಾರುವುದು ಹೇಗೆ ಸಾಧುವಾದೀತು?

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಗೃಹಸ್ಥನ ಧರ್ಮ ಬೇರೆ, ರಾಜ್ಯದ ಧರ್ಮ ಬೇರೆ. ರಾಜ್ಯವು ತನ್ನ ಪ್ರಜೆಗಳ ಯೋಗಕ್ಷೇಮಕ್ಕೆ ಹೊಣೆಯಾದುದರಿಂದ, ತೈಲ ಬತ್ತುವ ಮುನ್ನ ಬೇರೆ ವರಮಾನವನ್ನು ಹುಡುಕುವುದೂ, ಯಾರು ಬಂದರೆ ನಾಡಿಗೆ ಲಾಭವೆಂದು ಆರಿಸಿಕೊಳ್ಳುವುದೂ ಅದರ ಕರ್ತವ್ಯ. ಈ ವಾದ ಹೊಸದಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ನಡುವೆ, ಯುದ್ಧದಿಂದ ಬರಿದಾದ ಅಥೆನ್ಸಿನ ಬೊಕ್ಕಸವನ್ನು ತುಂಬುವ ಉಪಾಯಗಳನ್ನು ಬರೆದ ಜೆನೊಫೋನನು, ಪರದೇಶದ ನಿವಾಸಿಗಳನ್ನು ಹೆಚ್ಚಾಗಿ ಸೆಳೆಯುವುದನ್ನು ಉತ್ತಮ ಆದಾಯಮಾರ್ಗವೆಂದು ಎಣಿಸಿ, ಅವರಿಗೆ ಕಾಲಾಳುಪಡೆಯ ಸೇವೆಯಿಂದ ವಿನಾಯಿತಿಯನ್ನೂ, ಯೋಗ್ಯರಾದವರಿಗೆ ಊರೊಳಗಿನ ಖಾಲಿ ನಿವೇಶನಗಳಲ್ಲಿ ಮನೆ ಕಟ್ಟಿಕೊಳ್ಳುವ ಅನುಮತಿಯನ್ನೂ ಸೂಚಿಸಿದನು. ಇಂದಿನ ಮಂತ್ರಾಲಯಗಳು ಹೊರಡಿಸುವ ಪ್ರಕಟಣೆಗೂ ಅವನ ಪುಸ್ತಿಕೆಗೂ ಮನೋಧರ್ಮದಲ್ಲಿ ಅಂತರ ಕಡಮೆ. ಅಥೆನ್ಸಿನಲ್ಲಿ ಇಂಥ ನಿವಾಸಿಗೆ ಮೆಟಿಕ್ ಎಂದು ಹೆಸರು. ವರ್ಷಕ್ಕೆ 12 ದ್ರಾಖ್ಮೆ ತಲೆಗಂದಾಯ ತೆರಬೇಕು, ಜಾಮೀನಾಗಿ ಒಬ್ಬ ಪೌರನಿರಬೇಕು. ಅರಿಸ್ಟಾಟಲನೂ ಅಂಥ ಒಬ್ಬ ಮೆಟಿಕ್ಕನೇ ಆಗಿದ್ದನು.

ಜೆನೊಫೋನನಿಗಿಂತ ಮೊದಲೇ ಈ ನೀತಿಯ ಫಲವನ್ನುಂಡ ಒಂದು ಮನೆತನದ ಕಥೆಯನ್ನು ಇಲ್ಲಿ ಸಾವಧಾನವಾಗಿ ನೋಡಬೇಕು. ಸಿರಾಕ್ಯೂಸಿನ ಸಿರಿವಂತನಾದ ಕೆಫಲಸನನ್ನು ಅಥೆನ್ಸಿಗೆ ಬರುವಂತೆ ಒಲಿಸಿದವನು ಆ ನಗರದ ನಾಯಕನಾದ ಪೆರಿಕ್ಲೀಸನೇ. ಕೆಫಲಸನು ಬಂದು ಮೂವತ್ತು ವರ್ಷ ಅಲ್ಲಿ ಬಾಳಿದನು. ನ್ಯಾಯವೆಂದರೇನು ಎಂಬ ಪ್ರಶ್ನೆಯನ್ನೆತ್ತಿಕೊಂಡ ಪ್ಲೇಟೋವಿನ ‘ರಿಪಬ್ಲಿಕ್’ ಎಂಬ ಮಹಾಗ್ರಂಥದ ಸಂವಾದ ನಡೆಯುವುದು ಪಿರೀಯಸ್ ಬಂದರಿನಲ್ಲಿ, ಅವನ ಮಗ ಪೊಲೆಮಾರ್ಕಸನ ಮನೆಯಲ್ಲಿ. ಸಂಪತ್ತಿನಿಂದ ನಿನಗಾದ ಪರಮ ಪ್ರಯೋಜನವೇನೆಂದು ಸಾಕ್ರಟೀಸನು ಕೇಳಿದಾಗ ಆ ವೃದ್ಧನು, ದೇವರಿಗೆ ಹರಕೆಯನ್ನೂ ಮನುಷ್ಯರಿಗೆ ಸಾಲವನ್ನೂ ಉಳಿಸಿಕೊಳ್ಳದೆ ನಿರ್ಭಯವಾಗಿ ಕಣ್ಣುಮುಚ್ಚಬಹುದು ಎಂಬರ್ಥದ ಉತ್ತರ ಕೊಟ್ಟು ಪೂಜೆಗೆಂದು ಎದ್ದುಹೋಗುತ್ತಾನೆ. ಋಣ, ಅಭಯ ಎರಡೂ ಆ ಉತ್ತರದಲ್ಲಿವೆ. ಆದರೆ ಪ್ಲೇಟೋ ಇದನ್ನು ಬರೆಯುವ ವೇಳೆಗೆ ಆ ಮನೆಗೆ ಏನಾಯಿತೆಂಬುದು ಅಥೆನ್ಸಿಗೆಲ್ಲ ಗೊತ್ತಿತ್ತು. ಕ್ರಿಸ್ತಪೂರ್ವ 404ರಲ್ಲಿ ಅಧಿಕಾರ ಹಿಡಿದ ಮೂವತ್ತು ಮಂದಿ ನಿರಂಕುಶರು, ಹಣದ ಅಡಚಣೆಗಾಗಿ ಶ್ರೀಮಂತ ಮೆಟಿಕ್ಕರನ್ನು ಹಿಡಿಯಲು ನಿಶ್ಚಯಿಸಿದರು. ಹತ್ತು ಮಂದಿಯಲ್ಲಿ ಇಬ್ಬರು ಬಡವರನ್ನು ಸೇರಿಸಿಕೊಂಡರು, ಇದು ಹಣಕ್ಕಾಗಿ ಮಾಡಿದ್ದಲ್ಲವೆಂದು ಲೋಕಕ್ಕೆ ತೋರಿಸಿಕೊಳ್ಳಲು. ಪೊಲೆಮಾರ್ಕಸನಿಗೆ ಅಪರಾಧ ಯಾವುದೆಂದು ಕೂಡ ಹೇಳದೆ ವಿಷ ಕುಡಿಸಿದರು. ಕುಟುಂಬಕ್ಕೆ ಮೂರು ಮನೆಗಳಿದ್ದರೂ ಒಂದರಿಂದಲೂ ಹೆಣವೆತ್ತಲು ಬಿಡದಿದ್ದುದರಿಂದ, ಬಾಡಿಗೆಗೆ ಪಡೆದ ಕೊಟ್ಟಿಗೆಯೊಂದರಲ್ಲಿ ಅವನನ್ನು ಮಲಗಿಸಬೇಕಾಯಿತು. ಹೊದೆಸಲು ಬಟ್ಟೆಯನ್ನೂ ತಲೆಗೆ ದಿಂಬನ್ನೂ ಸ್ನೇಹಿತರು ತಂದುಕೊಟ್ಟರು. ಅವನ ಹೆಂಡತಿಯ ಕಿವಿಯಲ್ಲಿದ್ದ ಚಿನ್ನದ ಓಲೆಗಳನ್ನು ಬಂದವನೊಬ್ಬ ಕಿತ್ತುಕೊಂಡನು. ಇದನ್ನೆಲ್ಲ ನ್ಯಾಯಸಭೆಯ ಮುಂದೆ ಹೇಳಿದವನು ತಮ್ಮನಾದ ಲೀಸಿಯಸ್. ಲಂಚ ಕೊಟ್ಟೂ ನಂಬಿಕೆ ಸಾಲದೆ ಹಿಂಬಾಗಿಲಿನಿಂದ ತಪ್ಪಿಸಿಕೊಂಡು ಹೋದವನು ಅವನು. ಪ್ರಜಾಪ್ರಭುತ್ವವನ್ನು ಮರಳಿ ತರಲು ಧನಸಹಾಯ ಮಾಡಿದನು. ಅದಕ್ಕಾಗಿ ಅವನಿಗೆ ಪೌರತ್ವ ಕೊಡಬೇಕೆಂದು ಪ್ರಜಾಪಕ್ಷದ ಮುಖಂಡ ಥ್ರಾಸಿಬ್ಯೂಲಸನು ತಂದ ನಿರ್ಣಯ ನಿಯಮದ ತೊಡಕಿನಿಂದ ರದ್ದಾಯಿತು.

ಎಮಿರೇಟ್ಸಿನಲ್ಲಾಗಲಿ ಬೇರೆಲ್ಲಿಯಾಗಲಿ ಇಂದು ಇಂಥ ಘೋರ ನಡೆಯುತ್ತದೆಂದು ನಾನು ಹೇಳುತ್ತಿಲ್ಲ. ನನ್ನ ಅಭಿಪ್ರಾಯವಿಷ್ಟೆ: ಐಶ್ವರ್ಯದ ಕಾರಣದಿಂದ ಕರೆಸಿಕೊಂಡವರನ್ನು ಐಶ್ವರ್ಯದ ಕಾರಣದಿಂದಲೇ ಹಿಡಿದರು, ಬಾಗಿಲು ತೆರೆದ ಕೈಯೂ ಓಲೆ ಕಿತ್ತ ಕೈಯೂ ಕಂಡದ್ದು ಒಂದೇ ವಸ್ತುವನ್ನು. ಬೆಲೆಯಿಂದ ಹುಟ್ಟಿದ ವಾಸವು ಬೆಲೆ ಬದಲಾಗುವ ತನಕ ನಿಲ್ಲುತ್ತದೆ. ಪೋರ್ಚುಗಲ್ 2023ರಲ್ಲಿ ಮನೆ ಕೊಂಡು ನಿವಾಸ ಪಡೆಯುವ ದಾರಿಯನ್ನು ಮುಚ್ಚಿತು, ಸ್ಪೇನ್ 2025ರ ಏಪ್ರಿಲಿನಲ್ಲಿ ತನ್ನ ಇಂಥದೇ ಯೋಜನೆಯನ್ನು ಇಡಿಯಾಗಿ ನಿಲ್ಲಿಸಿತು. ಅಲ್ಲಿಯ ಜನರಿಗೆ ಮನೆಗಳು ಎಟುಕದಂತಾದದ್ದು ಇದಕ್ಕೆ ಮುಖ್ಯ ಕಾರಣ. ಅದೇ ತಿಂಗಳು ಐರೋಪ್ಯ ಒಕ್ಕೂಟದ ನ್ಯಾಯಾಲಯವು ಮಾಲ್ಟಾದ ಪೌರತ್ವಯೋಜನೆಯನ್ನು ಕಾನೂನುಬಾಹಿರವೆಂದು ತೀರ್ಮಾನಿಸಿ, ಪೌರನಿಗೂ ರಾಜ್ಯಕ್ಕೂ ಇರತಕ್ಕ ಪರಸ್ಪರ ನಿಷ್ಠೆಯ ಸಂಬಂಧವನ್ನು ವಾಣಿಜ್ಯವ್ಯವಹಾರವಾಗಿ ಮಾಡಬಾರದೆಂದಿತು. ಹಣ ತೆತ್ತು ಬಂದ ಪರದೇಶಿಯರಿಗೆ ಹೀಗೆ ನಿಯಮ ಬದಲಾದಾಗಲೆಲ್ಲ ಮೋಸಹೋದೆವೆಂಬ ಸಂಕಟವಾಗುತ್ತದೆ. ಅವರ ಸಂಕಟ ನಿಜವಾದದ್ದು. ಅಭಯವನ್ನು ಕೊಂಡೆವೆಂದು ನಂಬಿದ್ದವರಿಗೆ ಕೈಗೆ ಬಂದದ್ದು ಗಿರಾಕಿಯ ಸ್ಥಾನ. ನೆರೆಯವರ ಕಣ್ಣಿನಲ್ಲಿಯೂ ಅವರು ಬಾಡಿಗೆ ಏರಿಸಿದವರೇ ಹೊರತು ನೆರೆಯವರಲ್ಲ. ಆದುದರಿಂದ ಈ ನೀತಿ ಬಡವನಿಗೆ ಅನ್ಯಾಯ ಮಾಡುವುದಲ್ಲದೆ, ಒಂದೂರಿಗೆ ಋಣಿಯಾಗಿ ಕ್ರಮೇಣ ಆ ಊರಿನವನಾಗುವ ಅವಕಾಶವನ್ನು ಧನಿಕನಿಂದಲೂ ಕಿತ್ತುಕೊಳ್ಳುತ್ತದೆಂದು ನಾನು ನಂಬುತ್ತೇನೆ.

ಹಾಗಾದರೆ ವಾಸಕ್ಕೆ ಆಧಾರ ಯಾವುದಾಗಬೇಕು? ಈ ಪ್ರಶ್ನೆಗೆ ಉತ್ತರವನ್ನು ಎಮಿರೇಟ್ಸೇ ಅರ್ಧ ಕಂಡುಕೊಂಡಿದೆ. ಅದನ್ನು ಮೆಚ್ಚಿ ಹೇಳಬೇಕು. ದುಬೈ ಸರ್ಕಾರವು 2024ರಲ್ಲಿ, ಇಪ್ಪತ್ತು ವರ್ಷ ಸೇವೆ ಸಲ್ಲಿಸಿದ ಇಮಾಮರಿಗೂ ಮುಅಜ್ಜಿನರಿಗೂ, ಮರುವರ್ಷ ತನ್ನ ಆರೋಗ್ಯಸಂಸ್ಥೆಯಲ್ಲಿ ಹದಿನೈದು ವರ್ಷಕ್ಕೆ ಮೀರಿ ದುಡಿದ ದಾದಿಯರಿಗೂ ಗೋಲ್ಡನ್ ವೀಸಾ ಕೊಡಲು ನಿರ್ಧರಿಸಿತು. ಐದು ಹೊತ್ತಿನ ಕರೆಯನ್ನು ತಪ್ಪಿಸದವನನ್ನೂ ರೋಗಿಯ ಪಕ್ಕದಲ್ಲಿ ರಾತ್ರಿ ಕಳೆದವಳನ್ನೂ ಆಸ್ತಿಪತ್ರ ತೋರಿಸೆಂದು ಕೇಳದೆ, ಅವರು ಕೊಟ್ಟ ಕಾಲವನ್ನೇ ಪ್ರಮಾಣವಾಗಿ ಸ್ವೀಕರಿಸಿದ್ದು ಧರ್ಮಸಮ್ಮತವಾದ ಕೆಲಸ. ಒಂದೇ ಹೆಸರಿನ ವೀಸಾದೊಳಗೆ ಎರಡು ತತ್ತ್ವಗಳು ಹೀಗೆ ಒಟ್ಟಿಗಿವೆ. ಒಂದು ತಂದ ಹಣವನ್ನು ಎಣಿಸುತ್ತದೆ, ಇನ್ನೊಂದು ಸವೆದ ಆಯುಷ್ಯವನ್ನು.

ಎರಡನೆಯ ತತ್ತ್ವ ಅಡುಗೆಯವನ ತನಕ, ಗಾರೆಯವನ ತನಕ, ಅಬ್ರಾ ದೋಣಿ ನಡೆಸುವವನ ತನಕ ಇಳಿಯಬೇಕಾಗಿದೆ. ಅಲ್ಲಿಯ ಕಾರ್ಮಿಕ ಕಾನೂನಿನಂತೆ ಬಿಟ್ಟುಹೋಗುವವನಿಗೆ ಗ್ರಾಚುಯಿಟಿ ಕೊಡುವಾಗ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲವೇತನವನ್ನೂ ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದನ್ನೂ ಲೆಕ್ಕ ಹಾಕುತ್ತಾರೆ. 1,500 ದಿರ್ಹಂ ಮೂಲವೇತನದ ಮೇಲೆ 25 ವರ್ಷ ದುಡಿದವನಿಗೆ ಇದು 35,250 ದಿರ್ಹಂ ಆಗುತ್ತದೆ. ಐವತ್ತೈದು ದಾಟಿದವರಿಗೆ ನಿವೃತ್ತಿ ವೀಸಾ ಇದೆ; ಅದನ್ನು ಉಳಿತಾಯದ ಬಲದಿಂದ ಪಡೆಯಲು ತೋರಿಸಬೇಕಾದದ್ದು 10 ಲಕ್ಷ ದಿರ್ಹಂ. ಎಲ್ಲರೂ ಅಲ್ಲಿಯೇ ಮುಪ್ಪನ್ನು ಕಳೆಯಲು ಬಯಸುವರೆಂದಲ್ಲ; ಬಹುಮಂದಿಗೆ ಊರಿನ ತೆಂಗಿನ ತೋಟವೂ ಮೊಮ್ಮಕ್ಕಳೂ ಬೇಕು. ಇದ್ದರೆ ಇರಬಹುದು ಎಂಬ ಮಾತು ಅವರಿಗೆ ದೊರೆತ ಮೇಲೆ ಹೊರಡುವುದು ಅವರ ಇಚ್ಛೆಯಾಗುತ್ತದೆ. ಅಷ್ಟು ಮಾಡಲು ಹೊಸ ಪರೀಕ್ಷೆಯೇನೂ ಬೇಕಾಗಿಲ್ಲ. ಯಾರು ಯಾವ ವರ್ಷ ಬಂದರು, ಎಷ್ಟು ಸಲ ನವೀಕರಿಸಿಕೊಂಡರು, ಒಂದು ಅಪರಾಧವೂ ಇಲ್ಲದೆ ಎಷ್ಟು ಕಾಲ ದುಡಿದರು ಎಂಬುದೆಲ್ಲ ಸರ್ಕಾರದ ದಾಖಲೆಯಲ್ಲೇ ಇದೆ, ಮತ್ತು ಇಮಾಮನ ವಿಷಯದಲ್ಲಿ ಅದೇ ದಾಖಲೆಯನ್ನು ಸಾಕೆಂದು ಒಪ್ಪಿಯೂ ಆಗಿದೆ.