ಡ್ಯೂಟಿ ಮತ್ತು ಕಾಯಕ

ಇಂಗ್ಲಿಷಿನಿಂದ ಬಂದು ನಮ್ಮ ಮನೆಮಾತೇ ಆಗಿರುವ ಪದಗಳಲ್ಲಿ ‘ಡ್ಯೂಟಿ’ ಎಂಬುದೊಂದು. ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಕಂಡಕ್ಟರನು ‘ಡ್ಯೂಟಿ ಮುಗಿಯಿತು’ ಎಂದರೆ ಅದು ಕೆಲಸದ ಹೊತ್ತು. ಆಸ್ಪತ್ರೆಯಲ್ಲಿ ‘ಡ್ಯೂಟಿ ಡಾಕ್ಟರ್’ ಎಂದರೆ ಆ ವೇಳೆಯ ಹೊಣೆ ಹೊತ್ತವರು. ಜಮೀನಿನ ಕ್ರಯಪತ್ರ ಮಾಡಿಸುವಾಗ ತೆರುವ ‘ಸ್ಟಾಂಪ್ ಡ್ಯೂಟಿ’ಯು ಸರ್ಕಾರಕ್ಕೆ ಸಲ್ಲುವ ತೆರಿಗೆ. ಹೊತ್ತು, ಹೊಣೆ, ತೆರಿಗೆ ಈ ಮೂರಕ್ಕೂ ಒಂದೇ ಪದವು ಹೇಗೆ ಸಂದಿತು? ‘ಸಲ್ಲಿಸಬೇಕಾದುದು ಉಳಿದಿದೆ’ ಎಂಬರ್ಥದ ಲ್ಯಾಟಿನ್ ಧಾತುವೇ ಇದರ ಮೂಲ. ಹೀಗೆ ನೋಡಿದರೆ ಡ್ಯೂಟಿ ಎಂಬುದು ಮೊದಲಿಗೆ ಋಣ.

ಇಂದಿನ ಬಳಕೆಯಲ್ಲಿ ಗಡಿಯಾರವು ಉಳಿದು ಋಣವು ಮರೆತುಹೋಗಿದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾಯ್ದು ವೈನಾಡಿಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ವಾಹನ ಸಂಚಾರಕ್ಕೆ 2009ರಲ್ಲಿ ಬಂದ ನಿರ್ಬಂಧವಿದೆ. ಅಲ್ಲಿ ಗೇಟು ಕಾಯುವವನು ಗಂಟೆಗಳನ್ನು ಎಣಿಸುತ್ತ ಕಾಯಬಹುದು. ರಸ್ತೆ ದಾಟುವ ಮೂಕಪ್ರಾಣಿಗೆ ತಾನು ಋಣಿಯೆಂದು ತಿಳಿದೂ ಕಾಯಬಹುದು. ಇಬ್ಬರಿಗೂ ಸಂಬಳ ಒಂದೇ. ಹೊತ್ತು ಮೀರಿ ಬಂದವನೊಬ್ಬನು ನೋಟು ತೋರಿಸಿ ‘ಬಿಡಪ್ಪಾ’ ಎಂದಾಗ ಮಾತ್ರ ಅವರ ಭೇದವು ಗೊತ್ತಾಗುವುದು. ಋಣವರಿತು ಮಾಡಿದ ಇಂತಹ ಕೆಲಸವನ್ನೇ ಶರಣರು ಕಾಯಕವೆಂದರು.

ಹಾಗೆಂದು ಹೊತ್ತಿನ ಮಿತಿಯನ್ನು ಹಗುರವಾಗಿ ಕಾಣಬಾರದು. 1948ರ ಕಾರ್ಖಾನೆ ಕಾಯಿದೆಯು ವಯಸ್ಕ ಕೆಲಸಗಾರನ ದುಡಿಮೆಗೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. ದುಡಿಸಿಕೊಳ್ಳುವವನಿಗೂ ಡ್ಯೂಟಿಯುಂಟು ಎಂಬುದೇ ಅದರ ತಾತ್ಪರ್ಯ. ಕಾಯಕದ ಹಿರಿಮೆಯನ್ನು ಬೋಧಿಸುತ್ತ ಆಳಿನ ಕೂಲಿಯನ್ನೂ ವಿಶ್ರಾಂತಿಯನ್ನೂ ಕಡಿಯುವ ಒಡೆಯನು ಶರಣರ ನುಡಿಯನ್ನಾಡಿ ಅವರ ನಡೆಗೆ ಕಳಂಕ ತರುತ್ತಾನೆ.

12ನೆಯ ಶತಮಾನದ ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಅರಿಯದವರಾರು? ಅವರು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ ಸತಿ ಲಕ್ಕಮ್ಮನವರು ಅದನ್ನು ಮನೆಗೆ ಸೇರಿಸದೆ ಮರಳಿಸಿ ಬರಹೇಳಿದರು. ತನಗೆ ಸಲ್ಲದುದು ಒಂದು ಹಿಡಿಯಾದರೂ ತಲೆಯ ಮೇಲಿನ ಋಣವೇ ಎಂಬುದು ಆ ತಾಯಿಯ ನಿಲವು. ಈ ತಕ್ಕಡಿಗೆ ಎರಡು ತಟ್ಟೆಗಳು: ಸಲ್ಲದ ಕೂಲಿಯನ್ನು ಪಡೆಯಬಾರದು, ಸಲ್ಲದ ದುಡಿಮೆಯನ್ನು ಸೆಳೆಯಲೂಬಾರದು.

ಆದುದರಿಂದ ಡ್ಯೂಟಿಗೆ ಹೊರಡುವ ಗೃಹಸ್ಥನು ‘ಎಷ್ಟು ಹೊತ್ತು?’ ಎಂದು ಕೇಳಿದರೆ ತಪ್ಪೇನೂ ಇಲ್ಲ. ಅದರೊಡನೆ ‘ಯಾರ ಋಣ?’ ಎಂದೂ ತನ್ನನ್ನು ಕೇಳಿಕೊಳ್ಳಲಿ. ತನ್ನ ಹೊಲದಲ್ಲಿ ಬೆವರು ಸುರಿಸಿದವರ ಕೂಲಿಯನ್ನು ನಾಳೆಗೆ ನೂಕದೆ ಸಂಜೆಯೇ ಸಲ್ಲಿಸಲಿ. ಹೊತ್ತು ತಾನಾಗಿ ಮುಗಿಯುತ್ತದೆ. ಋಣವನ್ನು ನಾವೇ ತೀರಿಸಬೇಕು.